ಮೊದಲು ಎಂಜಿನ್ ಪಳಗಲಿ, ಆಮೇಲೆ ಟರ್ಬೊ: ಸ್ನೋಮೊಬೈಲ್ ಇಟ್ಟುಕೊಂಡವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ನವೆಂಬರ್ ಬಂತೆಂದರೆ ಸಾಕು, ಕ್ಯಾಲ್ಗರಿ, ಎಡ್ಮಂಟನ್ ಕಡೆಯ ಕನ್ನಡದ ಗೆಳೆಯರಿಂದ ಒಂದೇ ಪ್ರಶ್ನೆ. "ಹೊಸ ಸ್ಲೆಡ್ ತಗೊಂಡೆ, ಟರ್ಬೊ ಕಿಟ್ ಕೂಡ ತರಿಸಿದ್ದೀನಿ, ಎರಡನ್ನೂ ಒಟ್ಟಿಗೇ ಹಾಕಿಸಿ ಬೆಟ್ಟಕ್ಕೆ ಹೋಗಬಹುದಾ?" ಬೇಡ. ದಯವಿಟ್ಟು ಬೇಡ. ಯಾಕೆ ಬೇಡ, ಹಾಗಾದರೆ ಹೇಗೆ ಮಾಡಬೇಕು ಅಂತ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಗಾಡಿ. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟಿ. ಆ ಪಟ್ಟಿಗೆ ಟ್ರ್ಯಾಕ್ ಅನ್ನುತ್ತಾರೆ, ಇಡೀ ಗಾಡಿಗೆ ಸ್ಲೆಡ್. ಬೆಟ್ಟ ಹತ್ತುವ ಸ್ಲೆಡ್‌ಗಳಲ್ಲಿ ಹೆಚ್ಚಿನವಕ್ಕೆ ಇವತ್ತಿಗೂ ಟೂ-ಸ್ಟ್ರೋಕ್ ಎಂಜಿನ್. ಮೈಸೂರಿನ ಜಾವಾ, ಯೆಜ್ಡಿ ಅಥವಾ ಆರ್‌ಎಕ್ಸ್ 100 ಓಡಿಸಿದವರಿಗೆ ಇದು ಹೊಸದಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿಕೊಂಡು ಬಂದಾಗ ಮೆಕ್ಯಾನಿಕ್ "ಐನೂರು ಕಿಲೋಮೀಟರ್ ಆಗೋವರೆಗೂ ನಲವತ್ತು ದಾಟಿಸ್ಬೇಡಿ ಸಾರ್" ಅಂತಿದ್ದರಲ್ಲ, ಅದೇ ರನ್ನಿಂಗ್ ಇನ್ ಇದು. ಆದರೆ ಆರ್‌ಎಕ್ಸ್ 100ರದು 98 ಸಿಸಿ, 11 ಎಚ್‌ಪಿ. ಸ್ಕೀ-ಡೂ ಕಂಪನಿಯ ಸ್ಲೆಡ್‌ಗಳಿಗೆ ಬರುವ 850 ಇ-ಟೆಕ್ ಎಂಜಿನ್‌ನದು 849 ಸಿಸಿ, 165 ಎಚ್‌ಪಿ. ತಪ್ಪಾದರೆ ಆಗುವ ಖರ್ಚೂ ಅದೇ ಲೆಕ್ಕದಲ್ಲಿ ದೊಡ್ಡದು.

ಟರ್ಬೊ ನಿಜವಾಗಿ ಏನು ಕೊಡುತ್ತದೆ?

ಇದು ಸರಿಯಾಗಿ ಗೊತ್ತಾದರೆ ಮುಂದಿನದೆಲ್ಲ ಸುಲಭ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಹಳೆಯ ಬೈಕಿನಲ್ಲಿ ಮುಳ್ಳಯ್ಯನಗಿರಿ ಹತ್ತಿದವರಿಗೆ ಕೊನೆಯ ತಿರುವುಗಳಲ್ಲಿ ಪಿಕಪ್ ಕಡಿಮೆಯಾಗಿದ್ದು ನೆನಪಿರಬಹುದು. ಅದು ಸುಮಾರು 1,900 ಮೀಟರ್ ಎತ್ತರ. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಸುತ್ತಮುತ್ತಲಿನ ಬೆಟ್ಟಗಳಲ್ಲಿ ನಾವು ಓಡಿಸುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಕೆಲವು ಕಡೆ ಇನ್ನೂ ಮೇಲೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 7,000 ಅಡಿಯಲ್ಲಿ ನಿಮ್ಮ 165 ಎಚ್‌ಪಿ ಸುಮಾರು 130ಕ್ಕೆ ಇಳಿದಿರುತ್ತದೆ.

ಈಗ ಒತ್ತಡದ ಲೆಕ್ಕ ನೋಡಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. 7,000 ಅಡಿಯಲ್ಲಿ ಸುಮಾರು 11.3. ವ್ಯತ್ಯಾಸ 3.4. ಅಂದರೆ ಮೂರೂವರೆ, ನಾಲ್ಕು ಪಿಎಸ್‌ಐ ಬೂಸ್ಟ್ ಕೊಟ್ಟರೆ ಬೆಟ್ಟ ಕಿತ್ತುಕೊಂಡ ಗಾಳಿ ಹೆಚ್ಚುಕಡಿಮೆ ವಾಪಸ್ ಬಂತು. ಬೂಸ್ಟ್ ಅಂದರೆ ಹೊರಗಿನ ಗಾಳಿಗಿಂತ ಟರ್ಬೊ ಎಷ್ಟು ಜಾಸ್ತಿ ಒತ್ತಿ ಕೊಡುತ್ತದೋ ಅಷ್ಟು. ಕಂಪನಿಯ ಎಂಜಿನ್ ಅಷ್ಟು ಗಾಳಿಗೇ ತಯಾರಾಗಿರುವುದು. ಅದಕ್ಕಿಂತ ಮೇಲೆ ಒತ್ತುವ ಒಂದೊಂದು ಪಿಎಸ್‌ಐ ಕೂಡ ಪಿಸ್ಟನ್, ಬೇರಿಂಗ್, ಬೆಲ್ಟ್ ಮೇಲೆ ಸಾಲ ಮಾಡಿ ತಂದ ಶಕ್ತಿ. ಕಳೆದುಹೋದದ್ದನ್ನು ವಾಪಸ್ ತರುವುದಕ್ಕೆ ಟರ್ಬೊ ಹಾಕಿಸಿಕೊಂಡವರು ವರ್ಷಗಟ್ಟಲೆ ಓಡಿಸುತ್ತಾರೆ. ಇದು ನಾನು ಕಣ್ಣಾರೆ ನೋಡಿದ್ದು.

ಇನ್ನೂ ಸ್ಲೆಡ್ ಕೊಂಡಿಲ್ಲ ಅನ್ನುವವರಿಗೆ ನನ್ನ ಮೊದಲ ಸಲಹೆ: ಫ್ಯಾಕ್ಟರಿಯಿಂದಲೇ ಟರ್ಬೊ ಹಾಕಿ ಬರುವುದನ್ನು ತಗೊಳ್ಳಿ. ಸ್ಕೀ-ಡೂ 2020ರ ಸಮ್ಮಿಟ್ ಮಾಡೆಲ್‌ನಲ್ಲಿ ಇದನ್ನು ಶುರು ಮಾಡಿತು. 8,000 ಅಡಿಯವರೆಗೂ 165 ಎಚ್‌ಪಿ ಇಳಿಯದ ಹಾಗೆ ಅದನ್ನು ಮಾಡಿದ್ದರು. ಪೊಲಾರಿಸ್ ಕಂಪನಿ 2022ರ ಮಾಡೆಲ್‌ನಿಂದ ಪೇಟ್ರಿಯಟ್ ಬೂಸ್ಟ್ ಅನ್ನುವ ಟರ್ಬೊ ಎಂಜಿನ್ ಕೊಡುತ್ತಿದೆ. ವಾರಂಟಿ ಇರುತ್ತದೆ, ಕಂಪ್ಯೂಟರಿನ ಲೆಕ್ಕವೆಲ್ಲ ಅವರೇ ಮಾಡಿರುತ್ತಾರೆ. ಅಂಥದ್ದು ಇರುವವರು ಕೆಳಗಿನ ಮೊದಲ ನಾಲ್ಕು ಹಂತ, ಆಮೇಲೆ ಕೊನೆಯದನ್ನು ಓದಿದರೆ ಸಾಕು.

ಏನೇನು ಬೇಕು?

ನಿಮ್ಮ ಮಾಡೆಲ್‌ನ ಮ್ಯಾನುಯಲ್. ಇದು ಎಲ್ಲಕ್ಕಿಂತ ಮೊದಲು. ನಾನು ಹೇಳಿದ್ದಕ್ಕೂ ಅದರಲ್ಲಿ ಇರುವುದಕ್ಕೂ ವ್ಯತ್ಯಾಸ ಕಂಡರೆ ಮ್ಯಾನುಯಲ್ ಹೇಳಿದ್ದೇ ಸರಿ. ಆಮೇಲೆ ಕಂಪನಿ ಹೇಳಿದ ಟೂ-ಸ್ಟ್ರೋಕ್ ಆಯಿಲ್, ಎರಡು ಸೆಟ್ ಹೊಸ ಸ್ಪಾರ್ಕ್ ಪ್ಲಗ್, ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗೆ ಎಷ್ಟು ಒತ್ತಡ ಬರುತ್ತದೆ ಅಂತ ಅಳೆಯುವುದು), ಟಾರ್ಕ್ ರೆಂಚ್ (ಬೋಲ್ಟನ್ನು ಎಷ್ಟು ಬಿಗಿ ಮಾಡಿದೆವು ಅಂತ ತೋರಿಸುವ ಪಾನಾ), ಒಂದು ಹೆಚ್ಚುವರಿ ಬೆಲ್ಟ್ (ಎಂಜಿನ್‌ನ ಶಕ್ತಿಯನ್ನು ಟ್ರ್ಯಾಕಿನ ಕಡೆ ಸಾಗಿಸುವುದು). ಫೋನಿಗೆ ಸಿಕ್ಕಿಸುವ ತೆಳ್ಳಗಿನ ಕ್ಯಾಮೆರಾ ಸಿಗುತ್ತದೆ, ಅದಕ್ಕೆ ಬೋರೋಸ್ಕೋಪ್ ಅಂತ ಹೆಸರು. ಕಡಿಮೆ ಬೆಲೆಯದಾದರೂ ಪರವಾಗಿಲ್ಲ, ಒಂದು ಇಟ್ಟುಕೊಳ್ಳಿ. ಎಂಜಿನ್ ಬಿಚ್ಚದೆ ಪಿಸ್ಟನ್ ನೋಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮತ್ತೆ ಒಂದು ನೋಟ್ ಪುಸ್ತಕ.

ಹಂತ 1: ಪೆಟ್ರೋಲ್, ಆಯಿಲ್

ನಮ್ಮವರು ಎಡವುವುದು ಇಲ್ಲೇ. ಊರಿನ ಬಂಕಿನಲ್ಲಿ 91 ಅಂದರೆ ಸಾಧಾರಣ ಪೆಟ್ರೋಲ್ ಆಗಿತ್ತು. ಕೆನಡಾದ ಬಂಕಿನಲ್ಲಿ 91 ಅಂದರೆ ಪ್ರೀಮಿಯಂ. ಎರಡೂ ಆಕ್ಟೇನ್ ಸಂಖ್ಯೆಗಳೇ, ಆದರೆ ಅಳೆಯುವ ರೀತಿ ಬೇರೆ. ಭಾರತದಲ್ಲಿ ಬರೆಯುವುದು ರಿಸರ್ಚ್ ಆಕ್ಟೇನ್. ಇಲ್ಲಿ ಬರೆಯುವುದು ರಿಸರ್ಚ್ ಮತ್ತು ಮೋಟರ್ ಅನ್ನುವ ಎರಡು ಅಳತೆಗಳ ಸರಾಸರಿ. ಊರಿನ 91 ಇಲ್ಲಿಯ 87ಕ್ಕೆ ಸಮ ಅಂತ ಇಟ್ಟುಕೊಳ್ಳಿ. ಆಕ್ಟೇನ್ ಅಂದರೆ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ಒತ್ತಡ ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಟರ್ಬೊ ಹಾಕುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಇಲ್ಲಿಯ 91 ಹಾಕಿ. ಕ್ಯಾನ್‌ನಲ್ಲಿ ಉಳಿದ ಬೇಸಿಗೆಯ ಹಳೇ ಪೆಟ್ರೋಲನ್ನು ಸ್ಲೆಡ್‌ಗೆ ಸುರಿಯಬೇಡಿ.

ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಎಥನಾಲ್ ಇಲ್ಲದ ಪ್ರೀಮಿಯಂ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಶೇ 10ಕ್ಕಿಂತ ಜಾಸ್ತಿ ಇರುವುದಂತೂ ಬೇಡ.

ಆಯಿಲ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಒಂದು ಕಡೆ ನಿಂತು ಸುತ್ತುವುದಿಲ್ಲ, ಪೆಟ್ರೋಲ್ ಜೊತೆಗೇ ಉರಿದುಹೋಗುತ್ತದೆ. ಬೇರಿಂಗ್ ಮೇಲೆ ಆ ಕ್ಷಣಕ್ಕೆ ಬಿದ್ದ ಹನಿಯೇ ಅದರ ಜೀವ. ಕೊರೆಯುವ ಚಳಿಯಲ್ಲೂ ಹರಿಯುವ, ಸ್ನೋಮೊಬೈಲಿಗೆಂದೇ ಮಾಡಿದ ಆಯಿಲ್ ಬೇಕು. ದೋಣಿಯ ಎಂಜಿನ್‌ಗೆ ತಂದದ್ದು ಉಳಿದಿದೆ ಅಂತ ಇದಕ್ಕೆ ಹಾಕಬೇಡಿ.

ಹಂತ 2: ಮೊದಲ ಸ್ಟಾರ್ಟ್

ಬಯಲಿನಲ್ಲೇ ಸ್ಟಾರ್ಟ್ ಮಾಡಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವುದರೊಳಗೆ ತಲೆ ತಿರುಗಿ ಬೀಳುತ್ತೀರಿ. ಟ್ರ್ಯಾಕ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದರೆ ಹಿಂದೆ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಬಾರದು. ಟ್ರ್ಯಾಕಿನಲ್ಲಿ ಸಿಕ್ಕಿದ ಕಲ್ಲು ಗುಂಡಿನ ಹಾಗೆ ಹಾರಿ ಬರುತ್ತದೆ.

ಸ್ಟಾರ್ಟ್ ಆದ ಕೂಡಲೇ ಥ್ರಾಟಲ್ ಒತ್ತಿ ಸದ್ದು ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಮೈನಸ್ 20ರಲ್ಲಿ ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ. ಸಿಲಿಂಡರ್ ಸುತ್ತ ತಣ್ಣಗಿನ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಇರುವುದರಿಂದ ಅದು ನಿಧಾನ. ಮಧ್ಯದ ಸಂದು ಮುಚ್ಚಿಹೋಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದೇ ಕೋಲ್ಡ್ ಸೀಜ್. ಹಾಗೆ ಹೋದ ಒಂದು ಪಿಸ್ಟನ್ನನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸುತ್ತ ನಾಲ್ಕು ಜಾಗದಲ್ಲಿ ಉದ್ದುದ್ದ ಗೀರು, ಉಳಿದ ಕಡೆ ಹೊಸದರ ಹೊಳಪು ಹಾಗೇ ಇತ್ತು. ಸಿಲಿಂಡರಿನ ಗೋಡೆಗೆ ಸೀಸದ ಕಡ್ಡಿಯಲ್ಲಿ ಉಜ್ಜಿದ ಹಾಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಆ ಎಂಜಿನ್ ಓಡಿದ್ದು ಇಪ್ಪತ್ತು ನಿಮಿಷವೂ ಇಲ್ಲ.

ಕೂಲೆಂಟ್ ಸುಮಾರು 40 ಡಿಗ್ರಿ ದಾಟುವವರೆಗೆ ಐಡಲ್‌ನಲ್ಲಿ ಬಿಡಿ, ಆಮೇಲೆ ನಿಧಾನಕ್ಕೆ ಹೊರಡಿ. ಹೊಸ ಪಿಸ್ಟನ್ ಹಾಕಿ ಕಟ್ಟಿದ ಎಂಜಿನ್ ಆದರೆ ಒಮ್ಮೆ ಬಿಸಿ ಮಾಡಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡುವುದನ್ನು ಎರಡು ಮೂರು ಸಲ ಮಾಡುತ್ತೇವೆ. ಫ್ಯಾಕ್ಟರಿಯಿಂದ ಬಂದ ಹೊಸ ಎಂಜಿನ್‌ಗೆ ಮ್ಯಾನುಯಲ್ ಹೇಳದಿದ್ದರೆ ಇದು ಕಡ್ಡಾಯವಲ್ಲ, ಮಾಡಿದರೆ ನಷ್ಟವೂ ಇಲ್ಲ.

ಹಂತ 3: ಮೊದಲ 10 ಗಂಟೆ

ಸ್ಕೀ-ಡೂ ಮ್ಯಾನುಯಲ್ ಹೇಳುವುದು 10 ಗಂಟೆ ಅಥವಾ 500 ಕಿ.ಮೀ. ಅಷ್ಟರವರೆಗೆ ಥ್ರಾಟಲ್ ಮುಕ್ಕಾಲು ದಾಟಬಾರದು. ಆದರೆ ಆಗಾಗ ಒಂದೆರಡು ಸೆಕೆಂಡ್ ಪೂರ್ತಿ ಒತ್ತಿ ಬಿಡುವುದು, ವೇಗ ಏರಿಸಿ ಇಳಿಸುವುದು ಒಳ್ಳೆಯದು ಅಂತಲೂ ಅದೇ ಹೇಳುತ್ತದೆ. ಬೇರೆ ಕಂಪನಿಗಳ ಲೆಕ್ಕ ಬೇರೆ ಇರುತ್ತದೆ. ಕೆಲವರು ಮೊದಲ ಟ್ಯಾಂಕಿಗೆ ಆಯಿಲ್ ಬೆರೆಸಿಯೇ ಹಾಕಿ ಅನ್ನುತ್ತಾರೆ.

"ತುಂಬಾ ಮೆಲ್ಲಗೆ ಓಡಿಸಿದರೆ ಇನ್ನೂ ಒಳ್ಳೆಯದಲ್ವಾ?" ಅಂತ ಕೇಳುತ್ತೀರಿ. ಅಲ್ಲ. ಪಳಗಿಸುವುದು ಅಂದರೆ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ಒಗ್ಗಿಕೊಳ್ಳುವುದು. ಹೊಸ ಗೋಡೆಯ ಮೇಲೆ ಅಡ್ಡಡ್ಡ ಗೀಟು ಎಳೆದ ಹಾಗೆ ಸಣ್ಣ ಒರಟುತನ ಇರುತ್ತದೆ. ಉರಿಯುವ ಗಾಳಿಯ ಒತ್ತಡ ರಿಂಗಿನ ಹಿಂದೆ ಸೇರಿ ಅದನ್ನು ಗೋಡೆಗೆ ಒತ್ತಬೇಕು. ಆ ಒತ್ತು ಬರುವುದು ಸ್ವಲ್ಪ ಭಾರ ಕೊಟ್ಟಾಗ ಮಾತ್ರ. ಹಾಗಂತ ಜಾಸ್ತಿ ಹೊತ್ತು ಕೊಟ್ಟರೆ ಬಿಸಿ ಏರಿ ಕೆಡುತ್ತದೆ. ಆದ್ದರಿಂದ ಏರಿಸಿ, ಬಿಟ್ಟುಬಿಡಿ, ಮತ್ತೆ ಏರಿಸಿ. ಎಲ್ಲಕ್ಕಿಂತ ಕೆಟ್ಟದ್ದು ಒಂದೇ ಥ್ರಾಟಲ್‌ನಲ್ಲಿ ಉದ್ದನೆಯ ನೇರ ದಾರಿಯಲ್ಲಿ ಅರ್ಧ ಗಂಟೆ ಎಳೆಯುವುದು.

ಈ ಸಮಯದಲ್ಲಿ ಹೊಗೆ ಜಾಸ್ತಿ ಬಂದರೆ ಹೆದರಬೇಡಿ. ಇ-ಟೆಕ್ ಥರದ ಎಂಜಿನ್‌ಗಳಲ್ಲಿ ಕಂಪ್ಯೂಟರೇ ಮೊದಲ ಗಂಟೆಗಳಲ್ಲಿ ಹೆಚ್ಚು ಆಯಿಲ್ ಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಸ್ಲೆಡ್‌ಗೆ ಹೊಸ ಪಿಸ್ಟನ್ ಹಾಕಿಸಿದವರು ಇಲ್ಲಿ ಗಮನಿಸಿ. ಪಿಸ್ಟನ್ ಹೊಸದು ಅಂತ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಡೀಲರ್ ಹತ್ತಿರ ಹೋಗಿ ಬ್ರೇಕ್-ಇನ್ ಮೋಡನ್ನು ಮತ್ತೆ ಆನ್ ಮಾಡಿಸಬೇಕು. ಇದನ್ನು ಮರೆತು ಹೊಸ ಪಿಸ್ಟನ್ ಒಣಗಿಸಿಕೊಂಡವರು ಇದ್ದಾರೆ.

ಇನ್ನೊಂದು ಬಿಸಿಯ ವಿಷಯ. ಬೆಟ್ಟದ ಸ್ಲೆಡ್‌ಗಳಲ್ಲಿ ಸಾಮಾನ್ಯವಾಗಿ ಕಾರಿನ ಹಾಗೆ ರೇಡಿಯೇಟರ್, ಫ್ಯಾನ್ ಇರುವುದಿಲ್ಲ. ಸೀಟಿನ ಕೆಳಗಿನ ಸುರಂಗದಲ್ಲಿ ಕೂಲೆಂಟ್ ಹರಿಯುವ ಅಲ್ಯೂಮಿನಿಯಂ ಪಟ್ಟಿಗಳಿವೆ. ಟ್ರ್ಯಾಕ್ ಎರಚುವ ಹಿಮ ಅದಕ್ಕೆ ಬಡಿದು ತಂಪು ಮಾಡುತ್ತದೆ. ನವೆಂಬರ್‌ನ ಗಟ್ಟಿ ಐಸ್ ದಾರಿಯಲ್ಲಿ ಎರಚಲು ಹಿಮವೇ ಇರುವುದಿಲ್ಲ, ಬಿಸಿ ಸರ್ರನೆ ಏರುತ್ತದೆ. ಸ್ಕ್ರ್ಯಾಚರ್ ಅಂತ ತಂತಿಯಂಥ ಕಡ್ಡಿಗಳು ಬರುತ್ತವೆ, ಐಸ್ ಕೆರೆದು ಪುಡಿ ಮೇಲೆ ಎಬ್ಬಿಸುತ್ತವೆ. ಅವನ್ನು ಕೆಳಗೆ ಬಿಡಿ. ಆಗಾಗ ದಾರಿಯ ಅಂಚಿನ ಮೆತ್ತನೆ ಹಿಮಕ್ಕೆ ಇಳಿಸಿ. ಎಚ್ಚರಿಕೆಯ ದೀಪ ಬಂದರೆ ನಿಲ್ಲಿಸಿ, ಟ್ರೈಲರ್ ಹತ್ತಿರದಲ್ಲೇ ಇದೆ ಅಂತ ಮುಂದೆ ಹೋಗಬೇಡಿ.

ಬೆಲ್ಟನ್ನೂ ಪಳಗಿಸಬೇಕು. ಹೊಸ ಬೆಲ್ಟ್‌ಗೆ ಮೊದಲ 50 ಕಿ.ಮೀ. ಮೃದುವಾಗಿ.

ಹಂತ 4: ತಪಾಸಣೆ ಮತ್ತು ಬರೆದಿಡುವುದು

ಹತ್ತು ಗಂಟೆ ಆಯಿತು. ಈಗ ನೋಟ್ ಪುಸ್ತಕ ತೆಗೆಯಿರಿ. ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆದು ಬರೆಯಿರಿ. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಎರಡೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ, ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟರ್ಬೊ ಮಾತು ಸದ್ಯಕ್ಕೆ ಬಿಡಿ. ಅಳೆದ ಜಾಗವನ್ನೂ ಬರೆಯಿರಿ, ಯಾಕೆಂದರೆ ಕ್ಯಾಲ್ಗರಿಯಲ್ಲಿ ಅಳೆದದ್ದಕ್ಕಿಂತ ಬೆಟ್ಟದ ಮೇಲೆ ಅಳೆದದ್ದು ಕಡಿಮೆಯೇ ಬರುತ್ತದೆ, ಸುಮ್ನೆ ಗಾಬರಿಯಾಗುತ್ತದೆ.

ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಿ. ಮಧ್ಯದಲ್ಲಿ ಕಂದು ಬಣ್ಣದ ಮಸಿ, ಅಂಚಿನಲ್ಲಿ ಪೆಟ್ರೋಲ್ ಬಂದು ತೊಳೆದ ಕಡೆ ಹೊಳೆಯುವ ಲೋಹ ಕಾಣಬೇಕು. ಈ ತೊಳೆದ ಗುರುತಿಗೆ ವಾಶ್ ಅನ್ನುತ್ತಾರೆ. ಎರಡೂ ಪಿಸ್ಟನ್‌ನ ಫೋಟೊ ತೆಗೆದಿಡಿ. ಟರ್ಬೊ ಹಾಕಿದ ಮೇಲೆ ಹೋಲಿಸಿ ನೋಡಲು ಇದಕ್ಕಿಂತ ಬೆಲೆಬಾಳುವ ದಾಖಲೆ ಇಲ್ಲ. ಆಮೇಲೆ ಮಾಮೂಲಿ ಕೆಲಸ: ಚೈನ್‌ಕೇಸ್ ಆಯಿಲ್, ಟ್ರ್ಯಾಕ್ ಬಿಗಿ, ಸೈಲೆನ್ಸರ್ ಸ್ಪ್ರಿಂಗು, ಎಂಜಿನ್ ಮೌಂಟಿನ ಬೋಲ್ಟು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸೀಸನ್ ಪೂರ್ತಿ ಹೀಗೇ ಓಡಿಸಿ. ಹೊಸ ಎಂಜಿನ್‌ನಲ್ಲಿ ಏನಾದರೂ ಹುಟ್ಟು ದೋಷ ಇದ್ದರೆ ಆಗಲೇ ಹೊರಗೆ ಬರುತ್ತದೆ, ವಾರಂಟಿಯಲ್ಲಿ ಸರಿಯಾಗುತ್ತದೆ. ಕಿಟ್ ಹಾಕಿದ ಮೇಲೆ ಬಂದರೆ ಕಿಟ್‌ನಿಂದಲೇ ಆಯಿತು ಅನ್ನುತ್ತಾರೆ. ಆಗ ನೀವು ಅಲ್ಲ ಅಂತ ತೋರಿಸಿಕೊಡುವುದು ಬಹಳ ಕಷ್ಟ.

ಹಂತ 5: ಕಿಟ್ ಆರಿಸುವುದು

ಟರ್ಬೊದಲ್ಲಿ ಒಂದೇ ದಂಡಕ್ಕೆ ಎರಡು ಚಕ್ರ. ಹೊರಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಗಾಳಿಯನ್ನು ಎಳೆದು ಎಂಜಿನ್‌ಗೆ ಒತ್ತುತ್ತದೆ. ಟೂ-ಸ್ಟ್ರೋಕ್ ಸ್ಲೆಡ್‌ನಲ್ಲಿ ಹೊಟ್ಟೆ ಉಬ್ಬಿದ ಪೈಪು ಇರುತ್ತದಲ್ಲ, ಟರ್ಬೊ ಸಾಮಾನ್ಯವಾಗಿ ಅದರ ಆಚೆಗೆ, ಸೈಲೆನ್ಸರ್ ಕಡೆ ಕೂರುತ್ತದೆ. ವೇಸ್ಟ್‌ಗೇಟ್ ಅಂದರೆ ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು. ಬ್ಲೋ-ಆಫ್ ವಾಲ್ವ್ ಅಂದರೆ ಥ್ರಾಟಲ್ ಬಿಟ್ಟಾಗ ಕೂಡಿಬಿದ್ದ ಗಾಳಿಯನ್ನು ಹೊರಗೆ ಬಿಡುವುದು, ಅದೇ "ಪುಸ್ಸ್" ಅನ್ನುವ ಸದ್ದು. ಇಂಟರ್‌ಕೂಲರ್ ಅಂದರೆ ಒತ್ತಿದಾಗ ಬಿಸಿಯಾದ ಗಾಳಿಯನ್ನು ತಣ್ಣಗೆ ಮಾಡುವುದು.

ಅಂಗಡಿಯವರಿಗೆ ಈ ನಾಲ್ಕನ್ನು ಕೇಳಿ. ನನ್ನ ಎಂಜಿನ್, ನನ್ನ ಮಾಡೆಲ್ ವರ್ಷಕ್ಕೇ ಮಾಡಿದ್ದಾ? ಬಂಕಿನ 91 ಪೆಟ್ರೋಲ್‌ಗೆ ಎಷ್ಟು ಪಿಎಸ್‌ಐವರೆಗೆ ಸುರಕ್ಷಿತ? ಟರ್ಬೊ ಬೇರಿಂಗಿಗೆ ಆಯಿಲ್ ಎಲ್ಲಿಂದ ಬರುತ್ತದೆ? ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡವೂ ಏರುವುದಕ್ಕೆ ಏನು ವ್ಯವಸ್ಥೆ ಇದೆ?

ಮೂರನೆಯ ಪ್ರಶ್ನೆ ಯಾಕೆಂದರೆ, ಕಾರಿನ ಎಂಜಿನ್‌ನಲ್ಲಿ ಕೆಳಗೆ ಆಯಿಲ್ ಕೊಳವೇ ಇರುತ್ತದೆ, ಟರ್ಬೊಗೆ ಅಲ್ಲಿಂದ ಕೊಡುತ್ತಾರೆ. ಟೂ-ಸ್ಟ್ರೋಕ್‌ಗೆ ಅದಿಲ್ಲ. ಕೆಲವು ಕಿಟ್‌ಗಳಲ್ಲಿ ಬೇರೆಯೇ ಪಂಪು, ಟ್ಯಾಂಕು ಇರುತ್ತದೆ. ಕೆಲವಕ್ಕೆ ಸ್ಲೆಡ್‌ನ ಆಯಿಲ್ ಪಂಪಿನಿಂದಲೇ ಹನಿ ಹನಿಯಾಗಿ ಹೋಗುತ್ತದೆ. ಯಾವುದು ಅಂತ ಗೊತ್ತಿಲ್ಲದೆ ಹಾಕಿದರೆ ಸುಡುವುದು ಮೊದಲು ಆ ಬೇರಿಂಗೇ. ನಾಲ್ಕನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಕೊಳ್ಳಬೇಡಿ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಒಣಗುತ್ತದೆ. ಒಣಗಿದ ಮಿಶ್ರಣ ಪಿಸ್ಟನ್‌ನಲ್ಲಿ ತೂತು ಹೊಡೆಯಲು ಹೆಚ್ಚು ಹೊತ್ತು ಬೇಡ.

ಕಿಟ್ ಹಾಕಿದ ಮೇಲೆ ಎಂಜಿನ್ ವಾರಂಟಿ ಹೋಯಿತು ಅಂತಲೇ ಲೆಕ್ಕ ಹಾಕಿ. ವಿಮೆಯವರಿಗೆ ತಿಳಿಸಿ. ಅಮೆರಿಕದಲ್ಲಿರುವವರು ಇನ್ನೂ ಎಚ್ಚರ, ಹೊಗೆ ನಿಯಮಕ್ಕೆ ಒಳಪಟ್ಟ ಎಂಜಿನ್ ಬದಲಾಯಿಸುವುದಕ್ಕೆ ಅಲ್ಲಿ ಫೆಡರಲ್ ಕಾನೂನಿನ ತಡೆ ಇದೆ. ಆ ಕಿಟ್‌ಗೆ ಮಾನ್ಯತೆ ಇದೆಯಾ ಅಂತ ಮೊದಲೇ ಕೇಳಿ.

ಹಂತ 6: ಜೋಡಣೆ

ಪ್ರತಿ ಕಿಟ್‌ಗೂ ಅದರದೇ ಪುಸ್ತಕ ಇರುತ್ತದೆ, ನಟ್ಟು ಬೋಲ್ಟಿನ ಲೆಕ್ಕ ಅಲ್ಲಿದೆ. ಯಾವ ಕಿಟ್ ಆದರೂ ಎಡವುವ ಜಾಗಗಳನ್ನು ಮಾತ್ರ ನಾನು ಹೇಳುತ್ತೇನೆ.

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಹೊಸ ಪೈಪು, ಹೋಸುಗಳ ಒಳಗೆ ಬಟ್ಟೆ ಹಾಕಿ ಒರೆಸಿ. ಕತ್ತರಿಸಿದಾಗ ಉಳಿದ ಒಂದು ಅಲ್ಯೂಮಿನಿಯಂ ಚೂರು ಸಾಕು, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರದ ರೆಕ್ಕೆ ಮುರಿದು ಆ ಚೂರೂ ಸಿಲಿಂಡರಿಗೆ ಹೋಗುತ್ತದೆ. ಸಿಲಿಕೋನ್ ಹೋಸು ಕೂರಿಸುವಾಗ ಪೈಪಿನ ಬಾಯಿ ಮತ್ತು ಹೋಸಿನ ಒಳಭಾಗ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಸುಲಭವಾಗಿ ಜಾರಲಿ ಅಂತ ಆಯಿಲ್ ಹಚ್ಚುವುದು ದೊಡ್ಡ ತಪ್ಪು. ಸುಲಭವಾಗಿ ಒಳಗೆ ಹೋದದ್ದು ಬೂಸ್ಟ್ ಬಂದಾಗ ಅಷ್ಟೇ ಸುಲಭವಾಗಿ ಕಿತ್ತುಕೊಂಡು ಬರುತ್ತದೆ.

ಟರ್ಬೊದ ಬಿಸಿ ಕಡೆ ಕೆಂಪಗೆ ಕಾಯುತ್ತದೆ. ಅದರ ಹತ್ತಿರ ಪೆಟ್ರೋಲ್ ಪೈಪು, ವೈರು, ಪ್ಲಾಸ್ಟಿಕ್ ಯಾವುದೂ ಇರಬಾರದು, ಇರಲೇಬೇಕಾದರೆ ಶಾಖ ತಡೆಯುವ ಕವಚ ಸುತ್ತಿ. ನನ್ನ ಮೊದಲ ಕಿಟ್ಟನ್ನು ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ಮೊದಲ ಸವಾರಿ ಮುಗಿಸಿ ಟ್ರೈಲರ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಹುಡ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ, ಪೆಟ್ರೋಲ್ ಪೈಪು ಬಿಸಿ ಕವಚದಿಂದ ಎರಡು ಬೆರಳಿನಷ್ಟೂ ದೂರ ಇರಲಿಲ್ಲ, ಆ ಪಕ್ಕ ಮೆತ್ತಗಾಗಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಬೇರೆಯವರ ಕೈಯಲ್ಲಿ ಹಾಕಿಸಿದರೂ ಹುಡ್ ಎತ್ತಿ ನೀವೇ ಒಮ್ಮೆ ಕೈಯಾಡಿಸಿ ನೋಡಿ.

ಕೊನೆಗೆ ಸೋರಿಕೆ ಪರೀಕ್ಷೆ. ಟರ್ಬೊದಿಂದ ಎಂಜಿನ್‌ವರೆಗಿನ ಗಾಳಿ ದಾರಿಯ ಎರಡೂ ಬಾಯಿ ಮುಚ್ಚಿ. ಎಂಜಿನ್ ಕಡೆಯದನ್ನು ಮರೆಯಬೇಡಿ, ಇಲ್ಲದಿದ್ದರೆ ಗಾಳಿ ಒಳಗೆ ಹೋಗಿ ಸೈಲೆನ್ಸರ್ ಕಡೆ ಸೋರಿ ಗೊಂದಲವಾಗುತ್ತದೆ. ಸೈಕಲ್ ಪಂಪಿನಲ್ಲಿ ಮೆಲ್ಲಗೆ 5 ಪಿಎಸ್‌ಐ ತುಂಬಿಸಿ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಬಿಚ್ಚಿ ಮತ್ತೆ ಕೂರಿಸಿ.

ಹಂತ 7: ಮೊದಲ ಬೂಸ್ಟ್

ವೇಸ್ಟ್‌ಗೇಟ್‌ಗೆ ಕಿಟ್‌ನಲ್ಲಿ ಬಂದ ಅತಿ ಮೃದುವಾದ ಸ್ಪ್ರಿಂಗನ್ನೇ ಹಾಕಿ. ಬೂಸ್ಟ್ ಗೇಜ್ ಮತ್ತು ವೈಡ್‌ಬ್ಯಾಂಡ್ ಗೇಜ್ ಎರಡೂ ಇರಲಿ. ವೈಡ್‌ಬ್ಯಾಂಡ್ ಅಂದರೆ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವುದು. ಒಂದು ತೂಕ ಪೆಟ್ರೋಲ್ ಪೂರ್ತಿ ಉರಿಯಲು 14.7 ತೂಕ ಗಾಳಿ ಬೇಕು. ಗಾಳಿಯ ಒತ್ತಡದ 14.7 ಬೇರೆ, ಇದು ಬೇರೆ, ಎರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಬೂಸ್ಟ್‌ನಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ ಸಂಖ್ಯೆ ಬರಬೇಕು, ಅಂದರೆ ಪೆಟ್ರೋಲ್ ಜಾಸ್ತಿ ಇರಬೇಕು. ನಿಮ್ಮ ಕಿಟ್ ಮಾಡಿದವರು ಹೇಳಿದ ಸಂಖ್ಯೆಯೇ ಗುರಿ.

ಮುಖ್ಯವಾದ ಎಚ್ಚರಿಕೆ ಇಲ್ಲಿದೆ. ಬೆಟ್ಟಕ್ಕೆ ಸೆಟ್ ಮಾಡಿದ ಬೂಸ್ಟನ್ನು ಮನೆ ಹತ್ತಿರದ ಬಯಲಿನಲ್ಲಿ ಪರೀಕ್ಷೆ ಮಾಡಬೇಡಿ. 7,000 ಅಡಿಯಲ್ಲಿ 6 ಪಿಎಸ್‌ಐ ಅಂದರೆ ಒಟ್ಟು 17.3. ಅದೇ 6 ಅನ್ನು 3,000 ಅಡಿಯಲ್ಲಿ ಕೊಟ್ಟರೆ ಅಲ್ಲಿಯ 13.2 ಸೇರಿ 19.2. ಗೇಜ್ ಎರಡು ಕಡೆಯೂ 6 ಅಂತಲೇ ತೋರಿಸುತ್ತದೆ. ಪಿಸ್ಟನ್‌ಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಬಯಲಿನ ಮೈನಸ್ 30ರ ಗಾಳಿ ಬೇರೆ ದಟ್ಟ, ಅದಕ್ಕೆ ಇನ್ನೂ ಜಾಸ್ತಿ ಪೆಟ್ರೋಲ್ ಬೇಕು. ಕೆಳಗಿನ ಜಾಗದಲ್ಲಿ ಐಡಲ್, ಸೋರಿಕೆ, ಮೆಲ್ಲನೆಯ ಓಡಾಟ ಅಷ್ಟೇ ನೋಡಿ.

ಬೆಟ್ಟದ ಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರು ನಾಲ್ಕು ಸೆಕೆಂಡಿನ ಒಂದು ಎಳೆತ. ಗೇಜ್ ನೋಡಲು ಆಗುವುದಿಲ್ಲ ಅಂದರೆ ಹ್ಯಾಂಡಲ್‌ಗೆ ಕ್ಯಾಮೆರಾ ಕಟ್ಟಿ ರೆಕಾರ್ಡ್ ಮಾಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿ, ಪ್ಲಗ್ ಬಿಚ್ಚಿ. ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಬೂದು ಚುಕ್ಕೆ ಕಂಡರೆ ಅದು ಪಿಸ್ಟನ್‌ನಿಂದ ಹಾರಿದ ಅಲ್ಯೂಮಿನಿಯಂ. ಒಳಗೆ ಡಿಟೊನೇಷನ್ ಆಗಿದೆ ಅಂತ ಅರ್ಥ, ಅಂದರೆ ಮಿಶ್ರಣ ಒಂದೇ ಸಮ ಉರಿಯುವ ಬದಲು ಸುತ್ತಿಗೆಯಲ್ಲಿ ಹೊಡೆದಂತೆ ಸಿಡಿಯುತ್ತಿದೆ. ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು. ಚುಕ್ಕೆ ಇಲ್ಲ ಅಂದರೆ ಕ್ಯಾಮೆರಾ ಇಳಿಸಿ, ಹಳೆಯ ಫೋಟೊ ಜೊತೆ ಹೋಲಿಸಿ. ತೊಳೆದ ಗುರುತು ಚಿಕ್ಕದಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಎಲ್ಲ ಸರಿ ಇದ್ದರೆ ಮುಂದಿನ ಎಳೆತ ಇನ್ನೊಂದೆರಡು ಸೆಕೆಂಡ್ ಉದ್ದ.

ಬೂಸ್ಟ್ ಏರಿಸುವ ಯೋಚನೆ ಎರಡು ಮೂರು ಸವಾರಿ ಆದ ಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡು ಬದಲಾಯಿಸಿ ಕೆಟ್ಟರೆ ಯಾವುದರಿಂದ ಅಂತ ಹೇಗೆ ಹುಡುಕುತ್ತೀರಿ?

ಹಂತ 8: ಕ್ಲಚ್

ಟರ್ಬೊ ಹಾಕಿ ಕ್ಲಚ್ ಮರೆಯುವವರು ಬಹಳ. ಆಕ್ಟಿವಾ ಸ್ಕೂಟರಿನ ಹಾಗೆ ಸ್ಲೆಡ್‌ಗೂ ಗೇರ್ ಇಲ್ಲ, ಎರಡು ಪುಲ್ಲಿ, ಮಧ್ಯೆ ಬೆಲ್ಟ್. ಮುಂದಿನ ಪುಲ್ಲಿಯಲ್ಲಿರುವ ಸಣ್ಣ ತೂಕಗಳು ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಎಳೆಯಬೇಕು ಅಂತ ತೀರ್ಮಾನ ಮಾಡುತ್ತವೆ. ಶಕ್ತಿ ಜಾಸ್ತಿಯಾದಾಗ ಅದೇ ತೂಕ ಸಾಲುವುದಿಲ್ಲ, ಎಂಜಿನ್ ಮಿತಿ ಮೀರಿ ಸುತ್ತುತ್ತದೆ. ತೂಕ ಜಾಸ್ತಿ ಹಾಕಿದರೆ ಎದ್ದೇಳದೆ ಗೊರಗೊರ ಅನ್ನುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಮ್ಯಾನುಯಲ್ ಹೇಳಿದ ಆರ್‌ಪಿಎಂಗೆ ಬಂದು ನಿಲ್ಲುವವರೆಗೆ ಒಂದೊಂದೇ ಗ್ರಾಂ ಸೇರಿಸಿ. ಆ ತೂಕಗಳು ಕೂರುವ ಎಲ್ಲ ತೋಳುಗಳಲ್ಲೂ ತೂಕ ಒಂದೇ ಇರಬೇಕು. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಒಂದು ತಂದಿಟ್ಟುಕೊಳ್ಳಿ. ಎಳೆತ ಆದ ಮೇಲೆ ಎಂಜಿನ್ ನಿಲ್ಲಿಸಿ ಪುಲ್ಲಿಯ ಹತ್ತಿರ ಕೈ ತನ್ನಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೆಲ್ಟ್ ಜಾರುತ್ತಿದೆ.

ಮೊದಲ 100 ಕಿ.ಮೀ. ಆದ ಮೇಲೆ ಎಂಜಿನ್ ತಣ್ಣಗಿರುವಾಗ ಎಲ್ಲ ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಪುಡಿ ಹಿಮದಲ್ಲಿ ಗಾಳಿ ಎಳೆಯುವ ಜಾಲರಿ ಮುಚ್ಚಿಹೋಗುತ್ತದೆ, ನಿಂತಾಗಲೆಲ್ಲ ಕೈಯಲ್ಲಿ ಒರೆಸಿ.

ಹಂತ 9: ಬೆಟ್ಟಕ್ಕೆ ಹೋಗುವ ಮೊದಲು

ಇದನ್ನು ಕೊನೆಗೆ ಬರೆದಿದ್ದೇನೆ ಅಂತ ಬಿಟ್ಟುಬಿಡಬೇಡಿ. ಟರ್ಬೊ ಇಲ್ಲದಾಗ ಸ್ಲೆಡ್ ಅರ್ಧದಲ್ಲೇ ಸೋತು ನಿಲ್ಲುತ್ತಿದ್ದ ಇಳಿಜಾರಿನ ನೆತ್ತಿಗೆ ಈಗ ಹೋಗಿ ಮುಟ್ಟುತ್ತೀರಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ. 2010ರ ಮಾರ್ಚ್‌ನಲ್ಲಿ ರೆವೆಲ್‌ಸ್ಟೋಕ್‌ನ ಬೋಲ್ಡರ್ ಮೌಂಟನ್‌ನಲ್ಲಿ ಸ್ನೋಮೊಬೈಲ್ ಸವಾರರು ನೂರಾರು ಜನ ಸೇರಿದ್ದ ಕಡೆ ಕುಸಿತ ಬಂದು ಇಬ್ಬರು ಸತ್ತರು, ಹಲವರಿಗೆ ಗಾಯವಾಯಿತು. ಆವತ್ತು ಮೇಲೆ ಹತ್ತುತ್ತಿದ್ದವರ ಜೊತೆಗೆ ಕೆಳಗೆ ನಿಂತು ನೋಡುತ್ತಿದ್ದವರೂ ಸಿಕ್ಕಿಕೊಂಡರು.

ಅವಲಾಂಚ್ ಕೆನಡಾ ಅನ್ನುವ ಸಂಸ್ಥೆ ಚಳಿಗಾಲದಲ್ಲಿ ಪ್ರತಿ ದಿನ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಹೊರಡುವ ಮೊದಲು ಓದಿ. ಹಿಮಕುಸಿತದ ಬಗ್ಗೆ ಕಲಿಸುವ ಅವರ ಮೊದಲ ಹಂತದ ಎಎಸ್‌ಟಿ 1 ತರಬೇತಿಯನ್ನು ಕಿಟ್ ಕೊಳ್ಳುವ ಮೊದಲೇ ಮುಗಿಸಿ. ಟ್ರಾನ್ಸ್‌ಸೀವರ್ (ಹಿಮದಡಿ ಸಿಕ್ಕಿದವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಉದ್ದನೆಯ ಚುಚ್ಚುಕೋಲು, ಸಲಿಕೆ, ಈ ಮೂರೂ ನಿಮ್ಮ ಮೈಮೇಲೆ ಇರಲಿ. ಸ್ಲೆಡ್‌ನ ಬ್ಯಾಗಿನಲ್ಲಿಟ್ಟರೆ ಸ್ಲೆಡ್ ಹೂತುಹೋದಾಗ ಅವೂ ಹೋದವು. ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಯಾರದಾದರೂ ಸ್ಲೆಡ್ ಇಳಿಜಾರಿನಲ್ಲಿ ಹಿಮಕ್ಕೆ ಹೂತು ನಿಂತರೆ ಎರಡನೇ ಸ್ಲೆಡ್ ಅವರ ಹತ್ತಿರ ಹೋಗುವುದು ಬೇಡ. ಉಳಿದವರು ಕುಸಿತ ಮುಟ್ಟದ ಜಾಗದಲ್ಲಿ, ಸ್ಲೆಡ್‌ನ ಮೂತಿ ಹೊರಗಿನ ಕಡೆ ತಿರುಗಿಸಿಕೊಂಡು ನಿಲ್ಲಿ. ಬೆಟ್ಟದ ದಾರಿ ಶುರುವಾಗುವ ಕಡೆ ಟ್ರಾನ್ಸ್‌ಸೀವರ್ ಪರೀಕ್ಷಿಸುವ ಫಲಕ ಇದ್ದರೆ ಒಬ್ಬೊಬ್ಬರಾಗಿ ಅದರ ಮುಂದೆ ಹಾದುಹೋಗಿ. ದೀಪ ಬರದವರ ಬ್ಯಾಟರಿ ಅಲ್ಲೇ ಬದಲಾಯಿಸಿ, ಆಮೇಲೆ ಹೊರಡಿ.